ಮಕ್ಕಳನ್ನು ಮಲಗಿಸುತ್ತಿದ್ದ ಮುತ್ತಕ್ಕ

ಬಸ್ರೂರಿನ ಹೊಳೆಬದಿಯ ಹಂಚಿನ ಕಾರ್ಖಾನೆಗೆ ಕೆಲಸಕ್ಕೆ ಬರುತ್ತಿದ್ದ ಹೆಂಗಸರೆಲ್ಲ ಬೆಳಿಗ್ಗೆ ಮೊದಲು ಹೋಗುತ್ತಿದ್ದದ್ದು ಮುತ್ತಕ್ಕನ ಗುಡಿಸಲಿಗೆ. ಕಂಕುಳಲ್ಲಿದ್ದ ಮಗುವನ್ನು ಅವಳ ಕೈಗೆ ದಾಟಿಸಿ, ಸೆರಗು ಸಿಕ್ಕಿಸಿಕೊಂಡು, ಕಾರ್ಖಾನೆಯ ಸೀಟಿ ಕೂಗುವ ಮೊದಲೇ ಗೇಟಿನೊಳಗೆ ಓಡಬೇಕು. ತಡವಾದರೆ ಮೇಸ್ತ್ರಿ ಆ ದಿನದ ಕೆಲಸವನ್ನೇ ಕೊಡುತ್ತಿರಲಿಲ್ಲ. ಯುದ್ಧದ ಕಾಲ. ಅಕ್ಕಿ, ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ಬರ. ಹಸಿ ಹಂಚು ಹೊತ್ತು ಒಣಗಿಸುವ ಆ ಕೆಲಸ ಹೋದರೆ ಮನೆಯಲ್ಲಿ ಗಂಜಿಯೂ ಇಲ್ಲ.

ಮುತ್ತುವೂ ಮೊದಲು ಅದೇ ಕಾರ್ಖಾನೆಯಲ್ಲಿ ಹಂಚು ಹೊತ್ತವಳೇ. ಗಂಡ ಆವೆಮಣ್ಣಿನ ದೋಣಿ ನಡೆಸುತ್ತಿದ್ದ. ಒಂದು ಮಳೆಗಾಲ ಜ್ವರ ಹಿಡಿದವನು ಏಳಲೇ ಇಲ್ಲ. ಮಕ್ಕಳಾಗಿರಲಿಲ್ಲ. ಮರುವರ್ಷ ಸುಟ್ಟ ಹಂಚಿನ ಅಟ್ಟಿ ಕುಸಿದು ಅವಳ ಪಾದದ ಮೇಲೆ ಬಿತ್ತು. ಎಲುಬು ಕೂಡಿಕೊಂಡಿತಾದರೂ ನಡಿಗೆ ಕುಂಟಾಯಿತು. ಹೊರೆ ಹೊರಲಾಗದವಳಿಗೆ ಕಾರ್ಖಾನೆಯಲ್ಲಿ ಏನು ಕೆಲಸ? ಆಗ ಜೊತೆಯ ಹೆಂಗಸರೇ ಹೇಳಿದರು: "ಮುತ್ತಕ್ಕ, ನೀವ್ ನಮ್ಮ ಮಕ್ಕಳ್ನ ಕಂಡ್ಕಣಿ. ನಿಮ್ಮ ಹೊಟ್ಟೆ ನಾವ್ ಕಾಂತೊ." ಹಾಗೆ ಶುರುವಾದದ್ದು. ಒಬ್ಬಳು ಹಿಡಿ ಅಕ್ಕಿ ತಂದರೆ ಇನ್ನೊಬ್ಬಳು ಒಣಮೀನು ತರುತ್ತಿದ್ದಳು. ಗುಡಿಸಲಿನ ಅಡ್ಡಕ್ಕೆ ಹಳೇ ಸೀರೆಗಳ ಜೋಲಿ ಕಟ್ಟಿ, ಒಂದನ್ನು ಕೈಯಲ್ಲಿ, ಇನ್ನೊಂದನ್ನು ಕಾಲಿಗೆ ಕಟ್ಟಿದ ಹಗ್ಗದಲ್ಲಿ ತೂಗುತ್ತ ಮುತ್ತು ದಿನ ಕಳೆಯುತ್ತಿದ್ದಳು.

ಅಷ್ಟು ಮಕ್ಕಳನ್ನು ಒಬ್ಬಳೇ ಹೇಗೆ ಸುಮ್ಮನಿರಿಸುತ್ತಿದ್ದಳು ಎಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ರಾಗಿಕಾಳಿಗಿಂತ ಚಿಕ್ಕ ಅಫೀಮಿನ ಚೂರನ್ನು ಹಾಲಿನಲ್ಲಿ ತೇಯ್ದು ಬೆರಳ ತುದಿಯಿಂದ ನಾಲಿಗೆಗೆ ಸವರಿದರೆ ಮಗು ಮಧ್ಯಾಹ್ನದವರೆಗೆ ಮಲಗುತ್ತಿತ್ತು. ಅಜ್ಜಿಯರ ಕಾಲದಿಂದ ನಡೆದುಬಂದದ್ದು. ತಾಯಂದಿರೇ, "ನಿನ್ನೆ ಮಗು ಬೇಗ ಎದ್ದಿತ್ತಂಬ್ರ್, ಇವತ್ತ್ ಚೂರ್ ಸಮ ಕೊಡಿ," ಎಂದು ಇನ್ನಷ್ಟು ಕೊಡಲು ಹೇಳಿ ಹೋಗುವುದಿತ್ತು.

ಮೊದಲು ಅಫೀಮು ಕುಂದಾಪುರದ ಲೈಸೆನ್ಸಿನ ಅಂಗಡಿಯಿಂದ ಬರುತ್ತಿತ್ತು. ಯುದ್ಧ ಶುರುವಾದ ಮೇಲೆ ಅಲ್ಲಿ ಸಿಗುವುದು ಕಷ್ಟವಾಯಿತು. ಆಗ ಮೈದುನ ದೇವಪ್ಪ ದಾರಿ ಹುಡುಕಿದ. ಗಂಡ ಸತ್ತಾಗ ಮುತ್ತುವಿಗೆ ಅನ್ನ ಹಾಕಿದವನು ಅವನೇ. ಮುರಿದ ಕಾಲಿಗೆ ಎಣ್ಣೆ ತಂದುಕೊಟ್ಟವನೂ ಅವನೇ. ಗಂಗೊಳ್ಳಿ ಬಂದರಿಗೆ ಉಪ್ಪು, ಈರುಳ್ಳಿ ಹೊತ್ತು ಬಡಗಣ ಊರುಗಳಿಂದ ಮಂಜಿಗಳು ಬರುತ್ತಿದ್ದವು. ಆ ಹಡಗಿನವರ ಸ್ನೇಹ ಮಾಡಿಕೊಂಡು ಅವನು ಎಲೆಯಲ್ಲಿ ಸುತ್ತಿದ ಕಪ್ಪು ಗಟ್ಟಿಗಳನ್ನು ತರತೊಡಗಿದ.

"ಅತ್ತಿಗೆ, ಮಕ್ಕಳಿಗೆ ಬೇಕಾದಷ್ಟ್ ತಕಣಿ. ಉಳ್ದದ್ದ್ ಇಲ್ಲೇ ಇರ್ಲಿ. ನಾನ್ ಕಳ್ಸಿದವ್ರ್ ಬಂದ್ರೆ ಕೊಡಿ," ಎಂದ. ಒಲೆಯ ಮೇಲಿನ ಮಾಡಿನ ಮೂಲೆಯಲ್ಲಿ, ಹೊದಿಸಿದ ತೆಂಗಿನ ಮಡಲಿನ ಸಂದಿಗೆ ಪೊಟ್ಟಣ ಸಿಕ್ಕಿಸಿದವನೂ ಅವನೇ. ಬೆನ್ನು ನೋವಿನ ಹಮಾಲಿಗಳು, ದೋಣಿಯವರು, ಒಬ್ಬಿಬ್ಬರು ಮುದುಕರು ಸಂಜೆ ಹೊತ್ತು ಬಂದು ದೇವಪ್ಪನ ಹೆಸರು ಹೇಳಿದರೆ ಮುತ್ತು ಮುರಿದು ಕೊಡುತ್ತಿದ್ದಳು. ಇದು ಸರ್ಕಾರ ಒಪ್ಪುವ ಕೆಲಸವಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅನ್ನ ಹಾಕಿದ ಮೈದುನ ಹೇಳಿದ್ದು ಅವಳಿಗೆ ಮನೆಕೆಲಸದ ಹಾಗೆಯೇ ಕಂಡಿತ್ತು.

ಗುಡಿಸಲಿಗೆ ಬರುವ ತಾಯಂದಿರಲ್ಲಿ ಮುತ್ತುವಿಗೆ ಸರಸಳೆಂದರೆ ಜೀವ. ವಂಡ್ಸೆ ಕಡೆಯ ತಾಯಿಯಿಲ್ಲದ ಹುಡುಗಿ. ಕಾರ್ಖಾನೆಯ ಭಟ್ಟಿ ಕೆಲಸದ ಕರಿಯನನ್ನು ಮದುವೆಯಾಗಿ ಬಂದಿದ್ದಳು. ಅವಳ ಬಾಣಂತನ ಮಾಡಿದ್ದು ಮುತ್ತುವೇ. ಬಿಸಿನೀರು ಹೊಯ್ದು, ಮೆಣಸಿನ ಕಷಾಯ ಕುಡಿಸಿ, ಹೊಟ್ಟೆಗೆ ಬಟ್ಟೆ ಬಿಗಿದು ಎಬ್ಬಿಸಿದ್ದಳು. ಹುಟ್ಟಿದ ಗಂಡುಮಗುವಿಗೆ ಸೀನ ಎಂದು ಹೆಸರಿಟ್ಟಾಗ ಮೊದಲು ಎತ್ತಿಕೊಂಡವಳೂ ಅವಳೇ. ಕರಿಯನದು ಮಾತ್ರ ಬೆಂಕಿಯ ಜೊತೆ ಇದ್ದೂ ಇದ್ದೂ ಬೆಂಕಿಯೇ ಆದ ಸ್ವಭಾವ. ಅವನು ಮಲಗಿದಾಗ ಮಗು ಅತ್ತರೆ ಏಟು ತಾಯಿಗೆ ಬೀಳುತ್ತಿತ್ತು.

"ಒಂದ್ ಚೂರ್ ಕಟ್ಟಿ ಕೊಡಿ ಮುತ್ತಕ್ಕ," ಎಂದು ಸರಸ ಒಂದು ಸಂಜೆ ಬೇಡಿಕೊಂಡಳು. ತೋಳಿನ ಮೇಲೆ ನೀಲಿಗಟ್ಟಿದ್ದನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಳು. "ಅವ್ರ್ ಬಂದ್ ಮನಿಕಂಬತ್ತಿಗೆ ಇದ್ ಅಳುಕ್ ಸುರು ಮಾಡ್ತ್. ನಂಗೆ ತಡ್ಕಂಬುಕೆ ಆತಿಲ್ಲ."

ಮುತ್ತು ಕೊಟ್ಟಳು. "ಕಾಣ್ ಹೆಣೆ, ನಾನ್ ಕೊಟ್ಟ ದಿನ ನೀ ಕೊಡುಕಾಗ. ನೀ ಕೊಟ್ಟ್ರೆ ನಂಗ್ ಹೇಳ್ಕ್. ಎರಡೂ ಕೂಡ್ರೆ ಮಗು ಏಳುದಿಲ್ಲ."

"ಹೇಳ್ತೆ," ಎಂದಳು ಸರಸ.

ಸುಗ್ಗಿ ಮುಗಿದ ಸಮಯದಲ್ಲಿ ಒಂದು ಬೆಳಿಗ್ಗೆ ಸರಸ ಮಲಗಿದ ಮಗುವನ್ನೇ ತಂದು ಜೋಲಿಗೆ ಹಾಕಿದಳು. "ಈಗಷ್ಟೇ ಮನಿಕಂಡ," ಎಂದವಳು ಕೂಗು ಕೇಳಿದ್ದೇ ಓಡಿದಳು. ಸ್ವಲ್ಪ ಹೊತ್ತಿಗೆ ಸೀನ ಮುಲುಗಿದಂತಾಯಿತು. ಮುತ್ತು ಎಂದಿನಂತೆ ಬೆರಳು ಸವರಿದಳು. ಬಿಸಿಲು ನೆತ್ತಿಗೆ ಬಂದಾಗ ಬೇರೆ ಮಕ್ಕಳೆಲ್ಲ ಒಂದೊಂದಾಗಿ ಎದ್ದವು. ಸೀನ ಏಳಲಿಲ್ಲ. ಕೆನ್ನೆ ತಟ್ಟಿದಳು, ಅಂಗಾಲು ತಿಕ್ಕಿದಳು, ಮುಖಕ್ಕೆ ನೀರು ಚಿಮುಕಿಸಿದಳು. ಕುತ್ತಿಗೆ ಅತ್ತಿತ್ತ ಜೋಲಾಡಿತು. ತುಟಿ ಕಪ್ಪಾಗಿತ್ತು.

ಸೀನನನ್ನು ಅಪ್ಪಿಕೊಂಡು ಕುಂಟುಗಾಲಿನಲ್ಲಿ ಮುತ್ತು ಓಡಿದ ಓಟವನ್ನು ಕಾರ್ಖಾನೆಯವರು ಬಹಳ ಕಾಲ ಹೇಳಿಕೊಳ್ಳುತ್ತಿದ್ದರು. ಗೇಟಿನ ಕಾವಲಿನವನನ್ನು ತಳ್ಳಿಕೊಂಡು ಒಳಗೆ ನುಗ್ಗಿ ಸರಸಳನ್ನು ಕೂಗಿದಳು. ಇಬ್ಬರೂ ಮಗುವನ್ನು ಎತ್ತಿಕೊಂಡು ಕಡವಿನಲ್ಲಿದ್ದ ದೋಣಿ ಹತ್ತಿದರು. ಹೊಳೆ ಇಳಿತದಲ್ಲಿತ್ತು. ದೋಣಿ ಕುಂದಾಪುರದ ಕಡೆಗೆ ಬೇಗ ಸಾಗಿತು. ಆದರೂ ಮುತ್ತುವಿಗೆ ಅದು ನಿಂತಲ್ಲೇ ನಿಂತ ಹಾಗೆ ಅನಿಸುತ್ತಿತ್ತು. ನಡುಹೊಳೆಯಲ್ಲಿ ಸರಸ ಅವಳ ಕಿವಿಗೆ ಬಾಯಿ ಹಚ್ಚಿ, ದೋಣಿಯವನಿಗೆ ಕೇಳದಂತೆ ಹೇಳಿದಳು:

"ಬೆಳಿಗ್ಗೆ ನಾನೂ ಕೊಟ್ಟಿದ್ದೆ ಮುತ್ತಕ್ಕ. ಹೇಳುಕೆ ಮರ್ತ್ ಹೋಯ್ತ್. ಅವ್ರಿಗೆ ಗೊತ್ತಾರೆ ನನ್ನನ್ನ್ ಕೊಂದೇ ಹಾಕ್ತ್ರ್. ನಿಮ್ಮ ಕಾಲ್ ಹಿಡಿತೆ, ಯಾರಿಗೂ ಹೇಳ್ಬೇಡಿ."

ಅವಳು ನಿಜವಾಗಿಯೂ ಬಗ್ಗಿ ಆ ಕುಂಟುಪಾದವನ್ನು ಹಿಡಿದುಕೊಂಡಳು. ಮುತ್ತು ಒಂದು ಕೈಯಲ್ಲಿ ಮಗುವನ್ನು ಒತ್ತಿಕೊಂಡು ಇನ್ನೊಂದು ಕೈಯಲ್ಲಿ ಅವಳ ತಲೆ ಸವರಿದಳು. "ಹೇಳುದಿಲ್ಲ. ನೀ ಸುಮ್ಮನಿರ್."

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮಗುವಿನ ಕಣ್ಣು ಬಿಡಿಸಿ ನೋಡಿದವರೇ, "ಯಾರು ಅಫೀಮು ಕೊಟ್ಟದ್ದು?" ಎಂದು ಗದರಿದರು.

"ನಾನೇ," ಎಂದಳು ಮುತ್ತು. "ಇವತ್ತ್ ಹೆಚ್ಚಾಯ್ತ್. ಇದರ ತಾಯಿಗೆ ಗೊತ್ತಿಲ್ಲ."

ಡಾಕ್ಟರು ಬಾಯಿಯಿಂದ ನಳಿಗೆ ಇಳಿಸಿ ಹೊಟ್ಟೆ ತೊಳೆದರು. ಕಡು ಕಾಫಿ ಹನಿಹನಿಯಾಗಿ ಕುಡಿಸಿದರು. ಮಲಗಲು ಬಿಡಬೇಡಿ ಎಂದು ಚಿವುಟಿಸಿದರು, ಎತ್ತಿಕೊಂಡು ತಿರುಗಾಡಿಸಿದರು. ಸಂಜೆಯಾಗುವಾಗ ಸೀನ ಮುಖ ಕಿವುಚಿ ಒಮ್ಮೆಲೇ ಚೀರಿದ. ಆ ಅಳು ಕೇಳಿ ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಡಾಕ್ಟರು ಕೆಟ್ಟವರಲ್ಲ. ಆದರೆ ಆ ಹೊಳೆಬದಿಯಲ್ಲಿ ಇನ್ನೂ ಎಷ್ಟು ಮಕ್ಕಳಿದ್ದಾರೋ ಎಂದು ಯೋಚಿಸಿ, ಅಬಕಾರಿಯವರಿಗೆ ವಿಷಯ ತಿಳಿಸಿದರು.

ಅಬಕಾರಿ ಇನ್‌ಸ್ಪೆಕ್ಟರು ಮೊದಲ ಸಲ ಬಂದಾಗ ಬರೀ ವಿಚಾರಿಸಿ ಹೋದರು. ಅಫೀಮು ಎಲ್ಲಿಂದ ಬಂತು ಎಂದರೆ, "ಸತ್ತ ಗಂಡ ಇಟ್ಟದ್ದ್ ಉಳ್ದಿತ್ತ್," ಎಂದಳು ಮುತ್ತು. ಅದನ್ನು ಕೇಳಿ ದೇವಪ್ಪ ಬಂದು ಜಗಲಿಯಲ್ಲಿ ಕುಳಿತ.

"ಒಳ್ಳೇದ್ ಮಾಡ್ದ್ರಿ ಅತ್ತಿಗೆ. ನನ್ನ ಹೆಸ್ರ್ ತೆಗುಕಾಗ. ಎಂತ ಬಂದ್ರೂ ನಾನಿದ್ದೆ."

"ಮಾಡಿಂದ ಆ ಪೊಟ್ಟಣ ತಕಂಡ್ ಹೋಗ್ ದೇವಪ್ಪ. ನಂಗೆ ಇನ್ನ್ ಅದ್ ಬೇಡ. ಮಕ್ಕಳಿಗೂ ಬೇಡ."

"ಈಗ ದಾರಿಯಗೆ ಜನ ಕಾಯ್ತಿದ್ರ್. ಸ್ವಲ್ಪ ದಿನ ಇರ್ಲಿ. ನಾನೇ ಬಂದ್ ತಕಂಡ್ ಹೋತೆ."

ಅವನು ಬರಲಿಲ್ಲ. ಬಂದವರು ಇನ್‌ಸ್ಪೆಕ್ಟರೂ ಇಬ್ಬರು ಪೇದೆಗಳೂ. ಜೋಲಿಯಲ್ಲಿ ಮಕ್ಕಳಿದ್ದರು. ಪೇದೆಗಳು ಮಡಕೆ ಕವುಚಲಿಲ್ಲ, ಚಾಪೆ ಎತ್ತಲಿಲ್ಲ, ಅಕ್ಕಿಯ ಡಬ್ಬಿ ಮುಟ್ಟಲಿಲ್ಲ. ಒಬ್ಬ ನೇರವಾಗಿ ಒಲೆಯ ಹತ್ತಿರ ಹೋಗಿ, ಕಲ್ಲಿನ ಮೇಲೆ ನಿಂತು, ಮಡಲಿನ ಸಂದಿಗೆ ಕೈ ಹಾಕಿ ಪೊಟ್ಟಣ ಹೊರತೆಗೆದ. ಅದು ಮುತ್ತು ಎಣಿಸಿದ್ದಕ್ಕಿಂತ ದೊಡ್ಡದಿತ್ತು. ಅವಳಿಗೆ ತಿಳಿಯದೆ ಇನ್ನೊಂದು ಗಟ್ಟಿಯನ್ನೂ ಯಾರೋ ಅದರೊಳಗೆ ತುರುಕಿದ್ದರು.

ಮುತ್ತು ಜೋಲಿಯ ಹಗ್ಗ ಹಿಡಿದುಕೊಂಡೇ ನಿಂತಿದ್ದಳು. ಆ ಜಾಗ ಗೊತ್ತಿದ್ದದ್ದು ಅವಳಿಗೆ ಮತ್ತು ಇನ್ನೊಬ್ಬನಿಗೆ. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆಮೇಲೆ ಊರೇ ಆಡಿಕೊಂಡಿತು: ಗಂಗೊಳ್ಳಿ ಬಂದರಿನ ದಕ್ಕೆಯಲ್ಲಿ ದೇವಪ್ಪನನ್ನು ಸಾಮಾನು ಸಮೇತ ಹಿಡಿದಿದ್ದರಂತೆ, ಮಾರುವವಳನ್ನು ತೋರಿಸುತ್ತೇನೆ, ನನ್ನನ್ನು ಬಿಡಿ ಎಂದು ಸರ್ಕಾರದ ಸಾಕ್ಷಿಯಾದನಂತೆ.

ಊರ ಪಟೇಲರು ಜಾಮೀನು ನಿಂತು ಅವಳನ್ನು ಕುಂದಾಪುರದ ಲಾಕಪ್ಪಿನಿಂದ ಬಿಡಿಸಿದರು. ಗುಡಿಸಲಿಗೆ ಬಂದು ನೋಡಿದರೆ ಜೋಲಿಗಳು ಖಾಲಿ. ಒಲೆಯ ಬೂದಿ ತಣ್ಣಗಾಗಿತ್ತು. ಮುತ್ತು ಕುಳಿತುಕೊಳ್ಳಲಿಲ್ಲ. ಸಂದಿಯಲ್ಲಿದ್ದ ಕತ್ತಿ ಎಳೆದುಕೊಂಡು ಬಸ್ರೂರು ಪೇಟೆಗೆ ನಡೆದಳು. ದೇವಪ್ಪ ಅಕ್ಕಿ ಅಂಗಡಿಯ ಎದುರು ಎಲೆಯಡಿಕೆ ಜಗಿಯುತ್ತ ನಿಂತಿದ್ದ.

"ಹ್ವಾಯ್ ದೇವಪ್ಪ!" ಎಂದು ಅವಳು ಕೂಗಿದ್ದಕ್ಕೆ ಪೇಟೆಯೇ ತಿರುಗಿ ನೋಡಿತು. "ನಿನ್ನ ಅಣ್ಣನ ಹೆಂಡ್ತಿನ ಮಾರಿ ಬಂದ್ಯಾ? ನೀ ಅನ್ನ ಹಾಕಿದ್ದೆ ಅಂದೇಳಿ ನಾನ್ ನಿನ್ನ ಹೆಸ್ರ್ ಬಾಯಿಂದ ತೆಗೀಲಿಲ್ಲ. ಇನ್ನೊಂದ್ ಸಲ ನನ್ನ ಕಣ್ಣಿಗೆ ಬಿದ್ರೆ ಈ ಕತ್ತಿಯಗೇ ನಿನ್ನ ಕುತ್ತಿಗೆ ಕಡಿತೆ. ಕಡಿದೇ ಬಿಡ್ತೆ!"

ಕತ್ತಿ ಎತ್ತಿದ ಕೈಯನ್ನು ಅಂಗಡಿಯವರು ಹಿಡಿದುಕೊಂಡರು. ದೇವಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಎಲೆಯಡಿಕೆ ಉಗುಳಿ, ಮೆಲುದನಿಯಲ್ಲಿ ಸುತ್ತಲಿನವರಿಗೆ ಹೇಳಿದ: "ಎಲ್ಲರೂ ಕಂಡ್ರಿ ಅಲ್ದಾ? ಕಂಡದ್ದನ್ನ್ ಹೇಳಿ, ಸಾಕ್." ಅಫೀಮಿನ ಕೇಸಿನ ಜೊತೆಗೆ ಜೀವಬೆದರಿಕೆಯ ಕೇಸೂ ಸೇರಿದ್ದು ಹೀಗೆ.

ಕುಂದಾಪುರದ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ಮುತ್ತುವಿಗೆ ವಕೀಲರಿರಲಿಲ್ಲ. ದೇವಪ್ಪ ಅಂಗಿ ಹಾಕಿಕೊಂಡು ಬಂದು, ಅತ್ತಿಗೆ ಹೇಳಿದಲ್ಲಿಂದ ಪೊಟ್ಟಣ ತಂದುಕೊಡುತ್ತಿದ್ದೆ, ಒಳಗೆ ಏನಿದೆ ಎಂದು ನನಗೇನು ಗೊತ್ತು ಎಂದ. ಮುತ್ತು ಅವನ ಮುಖವನ್ನೂ ನೋಡಲಿಲ್ಲ. ಅವನ ವಿಷಯ ಅವಳ ಮನಸ್ಸಿನಲ್ಲಿ ಆಗಲೇ ಮುಗಿದಿತ್ತು. ಡಾಕ್ಟರು ತಾವು ಕೇಳಿದ್ದನ್ನು ಕೇಳಿದಂತೆ ಹೇಳಿದರು: "ನಾನೇ ಕೊಟ್ಟೆ, ತಾಯಿಗೆ ಗೊತ್ತಿಲ್ಲ ಎಂದು ಈಕೆಯೇ ಒಪ್ಪಿಕೊಂಡಳು." ಅದು ಸುಳ್ಳಲ್ಲ. ಆ ಮಾತು ಅವಳೇ ಆಡಿದ್ದು.

ಆಮೇಲೆ ಸರಸಳನ್ನು ಕೂಗಿದರು.

ಅವಳು ಸೀನನನ್ನು ಎತ್ತಿಕೊಂಡು ಬಂದಳು. ಕರಿಯ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಮುತ್ತುವಿಗೆ ಅಷ್ಟು ದಿನದಲ್ಲಿ ಮೊದಲ ಸಲ ಎದೆ ಹಗುರಾಯಿತು. ಎಲ್ಲವನ್ನೂ ಹೇಳದಿದ್ದರೂ ಇವಳು ತನ್ನ ಪರವಾಗಿ ಒಂದು ಮಾತಾದರೂ ಆಡುತ್ತಾಳೆ. ಮಗುವನ್ನು ಎತ್ತಿಕೊಂಡು ಓಡಿದ್ದನ್ನಾದರೂ ಹೇಳುತ್ತಾಳೆ.

"ನಂಗೆ ಗೊತ್ತೇ ಇರ್ಲಿಲ್ಲ ಒಡ್ಯಾ," ಎಂದಳು ಸರಸ, ಮ್ಯಾಜಿಸ್ಟ್ರೇಟರ ಮೇಜಿನ ಕಾಲನ್ನು ನೋಡುತ್ತ. "ಹಾಲ್ ಕೊಡ್ತ್ರ್ ಅಂದ್ಕಂಡಿದ್ದೆ. ಅಪೀಮು ಅಂದೇಳಿ ಗೊತ್ತಿದ್ರೆ ಆ ಹೆಂಗ್ಸಿನ ಕೈಯಗೆ ನನ್ನ ಮಗುನ ಕೊಡ್ತಿದ್ನಾ?"

ಆ ಹೆಂಗಸು. ಮುತ್ತಕ್ಕ ಎನ್ನದೆ ಆ ಬಾಯಿ ಅವಳನ್ನು ಕರೆದದ್ದು ಅದೇ ಮೊದಲು.

"ಸಾಕ್ಷಿಯನ್ನು ಏನಾದರೂ ಕೇಳುವುದಿದೆಯೋ?" ಎಂದು ಮ್ಯಾಜಿಸ್ಟ್ರೇಟರು ಮುತ್ತುವನ್ನು ಕೇಳಿದರು. ಅವಳು ಎದ್ದು ನಿಂತಳು.

"ಸರಸ, ಇಲ್ಲ್ ಕಾಣ್. ದೋಣಿಯಗೆ ನನ್ನ ಕಾಲ್ ಹಿಡ್ಕಂಡ್ ನೀ ಎಂತ ಹೇಳ್ದೆ? ಅದನ್ನ್ ಇವ್ರಿಗೆ ಹೇಳ್."

ಆ ದನಿ ಕೇಳಿ ಸೀನ ತಾಯಿಯ ಹೆಗಲಿನಿಂದ ತಲೆಯೆತ್ತಿದ. ಮುತ್ತುವನ್ನು ಕಂಡು ನಕ್ಕು, ಎತ್ತಿಕೋ ಎಂಬಂತೆ ಕೈ ಮುಂದೆ ಚಾಚಿದ. ಸರಸ ಅವನನ್ನು ಒತ್ತಿ ಹಿಡಿದು, ಬಾಗಿಲ ಕಡೆಗೊಮ್ಮೆ ನೋಡಿದಳು.

"ನಾನ್ ಎಂತದೂ ಹೇಳ್ಲಿಲ್ಲ," ಎಂದಳು.

"ಸಾಕ್ ಒಡ್ಯಾ. ಇನ್ನೆಂತ ಕೇಂಬುಕಿಲ್ಲ," ಎಂದಳು ಮುತ್ತು.

ಬೆದರಿಕೆಯ ವಿಷಯ ಬಂದಾಗ ಮ್ಯಾಜಿಸ್ಟ್ರೇಟರು ಸ್ವಲ್ಪ ಮೆತ್ತಗಾದರು. ಅಂಗವಿಕಲೆ, ವಿಧವೆ, ಸಿಟ್ಟಿನ ಭರದಲ್ಲಿ ಆಡಿದ ಮಾತು. ತಪ್ಪಾಯಿತು, ಇನ್ನು ಹೀಗೆ ಮಾಡುವುದಿಲ್ಲ ಎಂದು ದೇವಪ್ಪನ ಎದುರು ಒಪ್ಪಿಕೊಂಡರೆ ಅದಕ್ಕೆ ಎಚ್ಚರಿಕೆ ಕೊಟ್ಟು ಬಿಡಬಹುದು ಎಂದರು.

"ಅಪೀಮಿಗೆ ತಪ್ಪಾಯ್ತ್ ಅಂದ್ ಹೇಳ್ತೆ ಒಡ್ಯಾ," ಎಂದಳು ಮುತ್ತು. "ಮಕ್ಕಳ ಬಾಯಿಗೆ ಅದನ್ನ್ ಹಾಕಿದ್ದ್ ತಪ್ಪೇ. ಆ ಮಗು ಸತ್ತಿದ್ರೆ ನಾನೂ ಬದ್ಕ್ತಿರ್ಲಿಲ್ಲ. ಕತ್ತಿ ಹಿಡ್ದದ್ದಕ್ಕೆ ಮಾತ್ರ ನನ್ನ ಬಾಯಲ್ಲ್ ತಪ್ಪಾಯ್ತ್ ಅಂಬುದ್ ಬತ್ತಿಲ್ಲ."

ತೀರ್ಪನ್ನು ಇಂಗ್ಲಿಷಿನಲ್ಲಿ ಓದಿದರು. ಗುಮಾಸ್ತರು ಅದನ್ನು ಕನ್ನಡದಲ್ಲಿ ತಿಳಿಸಿದರು: ಅಫೀಮು ಇಟ್ಟುಕೊಂಡು ಮಾರಿದ್ದಕ್ಕೆ ನಾಲ್ಕು ತಿಂಗಳ ಕಠಿಣ ಸಜೆ, ಜೀವಬೆದರಿಕೆಗೆ ಎರಡು ತಿಂಗಳು, ಒಂದು ಮುಗಿದ ಮೇಲೆ ಇನ್ನೊಂದು. "ನಂಬಿದ ತಾಯಂದಿರಿಗೆ ನೀನು ದ್ರೋಹ ಮಾಡಿದ್ದೀಯ ಎಂದು ಬರೆದಿದ್ದಾರೆ," ಎಂದೂ ಅವರು ಸೇರಿಸಿದರು. ಸಜೆ ಎಷ್ಟೆಂದು ಮುತ್ತುವಿಗೆ ಆ ಹೊತ್ತಿಗೆ ತಲೆಗೆ ಹೋಗಲೇ ಇಲ್ಲ. ಆ ಕೊನೆಯ ಮಾತು ಹೋಯಿತು. ಪೇದೆ ತೋಳು ಮುಟ್ಟಿದಾಗ ಅವನ ಹಿಂದೆ ನಡೆದಳು.

ಮಂಗಳೂರಿನ ಜೈಲಿನಲ್ಲಿ ಕೂತು ಮಾಡುವ ಕೆಲಸವೆಂದು ಬೀಸುವುದಕ್ಕೆ ಹಾಕಿದರು. ಬೀಸುಕಲ್ಲು ತಿರುಗಿಸುತ್ತ ಅವಳು ದೇವಪ್ಪನನ್ನು ನೆನೆಯುತ್ತಿರಲಿಲ್ಲ. ಅವನು ಸಿಕ್ಕಿಬಿದ್ದ, ತಪ್ಪಿಸಿಕೊಂಡ. ಅಂಥವರು ಅಷ್ಟೇ. ಸರಸಳ ಲೆಕ್ಕ ಮಾತ್ರ ಅವಳಿಗೆ ಹೇಗೆ ಮಾಡಿದರೂ ಕೂಡುತ್ತಿರಲಿಲ್ಲ. ಗಂಡ ಬಾಗಿಲಲ್ಲಿ ನಿಂತಿದ್ದ, ಹೆದರಿದಳು ಎಂದು ಒಮ್ಮೆ ಸಮಾಧಾನ ಮಾಡಿಕೊಳ್ಳುವಳು. ಹೆದರಿದವಳು ಸುಮ್ಮನಿರಬಹುದಿತ್ತಲ್ಲ, ಆ ಹೆಂಗಸು ಎನ್ನಬೇಕಿತ್ತೇ ಎಂದು ಮರುಗಳಿಗೆ ಕೇಳಿಕೊಳ್ಳುವಳು. ಕೆಲವೊಮ್ಮೆ ತನ್ನ ಬೆರಳ ತುದಿಯನ್ನೇ ನೋಡಿಕೊಂಡು ಕುಳಿತುಬಿಡುತ್ತಿದ್ದಳು. ಎರಡು ಸಲ ಕೊಟ್ಟದ್ದರಲ್ಲಿ ಒಂದು ಸಲದ್ದು ಈ ಬೆರಳಿನದೇ ಅಲ್ಲವೇ? ಅದನ್ನು ಅವಳು ಯಾರ ಮೇಲೂ ಹೊರಿಸಲಾರಳು.

ಬಿಡುಗಡೆಯಾದಾಗ ಮಳೆಗಾಲ ಮುಗಿದಿತ್ತು. ಪೆಟ್ರೋಲಿಲ್ಲದ ಆ ಕಾಲದ ಇದ್ದಿಲಿನ ಗ್ಯಾಸಿನ ಬಸ್ಸು ಹತ್ತಿ, ಹೊಳೆ ಬಂದಲ್ಲೆಲ್ಲ ಇಳಿದು ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಮತ್ತೊಂದು ಬಸ್ಸಿಗೆ ಕಾದು, ಬ್ರಹ್ಮಾವರ ಕಳೆದು ಬಸ್ರೂರಿಗೆ ಬಂದಳು. ಗುಡಿಸಲು ಇದ್ದ ಜಾಗದಲ್ಲಿ ನಾಲ್ಕು ಕಂಬ ಮಾತ್ರ ನಿಂತಿದ್ದವು. ಮಾಡು ಮಳೆಗೆ ಕುಸಿದಿತ್ತೋ, ಯಾರಾದರೂ ಸೌದೆಗೆ ಒಯ್ದಿದ್ದರೋ. ಕೆಲಸ ಬಿಟ್ಟು ಬರುತ್ತಿದ್ದ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸಿ, ಮುಖ ತಗ್ಗಿಸಿ, ದಾರಿಯ ಆಚೆ ಬದಿಯಿಂದ ಸರಿದುಹೋದರು. "ಚೂರ್ ಸಮ ಕೊಡಿ" ಎಂದು ಹೇಳಿಹೋಗುತ್ತಿದ್ದ ಬಾಯಿಗಳೇ ಅವು.

ಹೆಂಗಸರೆಲ್ಲ ಹೋದ ಮೇಲೆ ಸರಸ ಮಾತ್ರ ಮಗನೊಂದಿಗೆ ಹಿಂದಿರುಗಿ ಬಂದಳು. ಸೊರಗಿದ್ದಳು. ಸೀನ ಅವಳ ಬೆರಳು ಹಿಡಿದು ನಡೆಯುವಷ್ಟಾಗಿದ್ದ. ಮುತ್ತುವಿನ ಗುರುತು ಅವನಿಗೆ ಉಳಿದಿರಲಿಲ್ಲ. ತಾಯಿಯ ಸೀರೆಯ ಹಿಂದೆ ಅಡಗಿಕೊಂಡ.

"ಮುತ್ತಕ್ಕ," ಎಂದು ಸರಸ ಅಳತೊಡಗಿದಳು. "ದೇವಪ್ಪ ಮನೆಗ್ ಬಂದ್ ಹೇಳ್ದ, ನಿಜ ಹೇಳ್ರೆ ನಿನ್ನನ್ನೂ ಒಳಗ್ ಹಾಕ್ತ್ರ್ ಅಂದೇಳಿ. ಈ ಮಗುನ ಬಿಟ್ಟ್ ನಾನ್ ಹ್ಯಾಂಗ್ ಹೋಪುದ್? ನೀವ್ ಒಬ್ರೇ ಇಪ್ಪವ್ರ್. ನೀವ್ ತಡ್ಕಂತ್ರಿ ಅಂದ್ಕಂಡೆ."

ಮುತ್ತು ಹೊಳೆಯ ಕಡೆ ತಿರುಗಿದಳು. ಆವೆಮಣ್ಣಿನ ದೋಣಿಯೊಂದು ಭರ್ತಿ ತುಂಬಿಕೊಂಡು ನಿಧಾನ ಬರುತ್ತಿತ್ತು.

"ಒಬ್ರೇ ಇಪ್ಪವ್ರ್," ಎಂದಳು. "ಹೌದ್. ನನ್ನನ್ನ್ ಹಾಂಗೇ ಕಂಡದ್ದಾ ನೀನ್? ನಿನ್ನ ಬಾಣಂತನ ಮಾಡುವತ್ತಿಗೆ ನಾನ್ ಒಬ್ಳೇ ಇದ್ದೆ ಅಂದೇಳಿ ನಂಗೆ ಕಾಣ್ಲಿಲ್ಲ ಸರಸ. ನೀ ಹೆದ್ರಿದ್ದ್ ನಂಗೆ ಅರ್ಥ ಆತ್ತ್. ನಿಂಗೆ ನಾನ್ ಶಾಪ ಹಾಕುದಿಲ್ಲ. ಆದ್ರೆ ಇನ್ನ್ ನಂಗೆ ನಿನ್ನ ಮುಖ ಕಾಂಬುಕೆ ಆತಿಲ್ಲ. ಮನೆಗ್ ಹೋಗ್."

ಸರಸ ಕಾಲಿಗೆ ಬೀಳಲು ಬಗ್ಗಿದಳು. ಮುತ್ತು ಪಾದ ಹಿಂದಕ್ಕೆ ಎಳೆದುಕೊಂಡಳು.

ಮರುದಿನವೇ ಅವಳು ಬೈಂದೂರಿಗೆ ಹೋದಳು. ಅಲ್ಲಿ ಕಡಲ ಬದಿಯಲ್ಲಿ ಅವಳ ಚಿಕ್ಕಮ್ಮ ಅಮ್ಮಣ್ಣಿ ಎಂಬ ಮುದುಕಿ ತೆಂಗಿನ ನಾರಿನ ಹಗ್ಗ ಹೊಸೆದು ಬದುಕುತ್ತಿದ್ದಳು. ಕೂತು ಮಾಡುವ ಕೆಲಸ, ಕುಂಟುಗಾಲಿಗೆ ಅಡ್ಡಿಯಿಲ್ಲ. ಮುತ್ತುವೂ ಹೊಸೆದಳು. ಜೈಲಿಗೆ ಹೋಗಿಬಂದವಳು ಎಂಬ ಸುದ್ದಿ ಅವಳ ಹಿಂದೆಯೇ ಬಂತು. ಅವಳು ಅದನ್ನು ಮುಚ್ಚಿಡಲಿಲ್ಲ. ಕೇಳಿದವರಿಗೆ, "ಹೌದ್, ಹೋಯ್ದೆ," ಎಂದಷ್ಟೇ ಹೇಳುತ್ತಿದ್ದಳು. ಯಾಕೆ ಎಂದರೆ ಹಗ್ಗ ಹೊಸೆಯುವ ಕೈ ಇನ್ನಷ್ಟು ವೇಗವಾಗುತ್ತಿತ್ತು.

ವರ್ಷ ಕಳೆದ ಮೇಲೆ ಮೀನು ಬುಟ್ಟಿ ಹೊತ್ತು ಊರೂರು ತಿರುಗುವ ಹೆಂಗಸರು ಒಬ್ಬೊಬ್ಬರಾಗಿ ಮಕ್ಕಳನ್ನು ಅವಳ ಜಗಲಿಯಲ್ಲಿ ಬಿಡತೊಡಗಿದರು. ಬೇಡವೆಂದು ಎಷ್ಟೋ ಸಲ ಹೇಳಿದಳು. ಅವರಿಗೆ ಬೇರೆ ದಿಕ್ಕಿರಲಿಲ್ಲ. ಯುದ್ಧ ಮುಗಿಯಿತು, ಬಿಳಿಯರು ಹೋದರು, ಪಾನನಿರೋಧ ಬಂತು. ಮುತ್ತುವಿನ ಜಗಲಿಯಲ್ಲಿ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಗಂಟಲು ಹರಿಯುವಂತೆ ಅಳುತ್ತಿದ್ದವು.

"ಎಂತ ಮಾರಾಯ್ತಿ ಇದ್ ಗಲಾಟೆ! ಸುಮ್ಮನಿರ್ಸುಕೆ ಬತ್ತಿಲ್ಯಾ?" ಎಂದು ನೆರೆಯವರು ಕೂಗಿದರೆ, "ಅಳ್ಲಿ," ಎನ್ನುತ್ತಿದ್ದಳು. ಒಂದನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದರ ಕೈಹಿಡಿದು, ಕುಂಟುತ್ತ ಮರಳಿನ ಮೇಲೆ ತಿರುಗಾಡಿಸುತ್ತಿದ್ದಳು. ಮಕ್ಕಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದಳು. ಸಂಜೆ ತಾಯಂದಿರು ಬಂದಾಗ ಅವರವರ ಮಗುವನ್ನು ಅವರವರ ಕೈಗೆ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಅವರು ಜಗಲಿಯಲ್ಲಿ ಕೂತು ಎರಡು ಮಾತಾಡಬೇಕೆಂದು ಅಕ್ಕ, ಅಕ್ಕ ಎಂದು ಕರೆದರೂ ಹೊರಗೆ ಬರುತ್ತಿರಲಿಲ್ಲ. ಅವರಲ್ಲಿ ಒಬ್ಬಳ ಹೆಸರನ್ನೂ ಅವಳು ಕೇಳಿ ತಿಳಿದುಕೊಳ್ಳಲಿಲ್ಲ.